ನಾನಾ ದಶಕಗಳ ರಾಕ್ ಹಾಡುಗಳಿಂದ ಒಂದು ಧ್ವನಿಸುರುಳಿಯನ್ನು ಹೊಂದಿಸುವ ಬಗೆ

ಮಕ್ಕಳ ಕೋಣೆಯಿಂದ ಕೇಳಿಬರುವ ರಾಕ್ ಸಂಗೀತದ ವಿಷಯವಾಗಿ ಹೆತ್ತವರು ನನ್ನೊಡನೆ ದೂರು ಹೇಳುವುದುಂಟು. "ಎಲ್ಲವೂ ಒಂದೇ ಗದ್ದಲ, ಅಮ್ಮನವರೇ" ಎಂಬುದೇ ಅವರ ಮಾತು. ಗದ್ದಲವುಂಟೆಂಬುದನ್ನು ನಾನು ಅಲ್ಲಗಳೆಯೆನು. ಆದರೆ ಅದು ಒಂದೇ ಬಗೆಯದೆಂಬುದನ್ನು ಒಪ್ಪಲಾರೆನು. ಅನೇಕ ಕಾಲಗಳ, ಅನೇಕ ರೀತಿಗಳ ಹಾಡುಗಳನ್ನು ಆರಿಸಿ ಒಂದೇ ಸುರುಳಿಯಲ್ಲಿ ಜೋಡಿಸುವ ಕೆಲಸವನ್ನು ಒಮ್ಮೆಯಾದರೂ ಮಾಡಿದವರಿಗೆ ಈ ಭೇದವು ತಾನಾಗಿಯೇ ತಿಳಿಯುವುದು. ಆ ಕೆಲಸದ ಬಗೆಯನ್ನು ಇಲ್ಲಿ ವಿವರಿಸುವೆನು.

ಮೊದಲು ಸಾಧನದ ವಿಚಾರ. ಕ್ಯಾಸೆಟ್ಟನ್ನು ಹಾಲೆಂಡಿನ ಫಿಲಿಪ್ಸ್ ಸಂಸ್ಥೆಯವರು 1963ರಲ್ಲಿ ಬರ್ಲಿನ್ ನಗರದ ಪ್ರದರ್ಶನದಲ್ಲಿ ಲೋಕಕ್ಕೆ ತೋರಿಸಿದರು. ಅದರೊಳಗಿನ ಪಟ್ಟಿಯು ಸೆಕೆಂಡಿಗೆ ಸುಮಾರು ಪೌಣೆ ಐದು ಸೆಂಟಿಮೀಟರು ವೇಗದಲ್ಲಿ ಸಾಗುತ್ತದೆ. 90 ನಿಮಿಷದ ಸುರುಳಿಯಲ್ಲಿ ಒಂದೊಂದು ಪಕ್ಕಕ್ಕೆ 45 ನಿಮಿಷ. 120 ನಿಮಿಷದ ಸುರುಳಿಗಳೂ ಇದ್ದುವು. ಆದರೆ ಅವುಗಳ ಪಟ್ಟಿ ಬಹು ತೆಳುವಾದುದರಿಂದ ಯಂತ್ರದಲ್ಲಿ ಸಿಕ್ಕಿಕೊಳ್ಳುವ ಭಯ ಹೆಚ್ಚು. ಆದುದರಿಂದ 90 ನಿಮಿಷದ್ದೇ ಉತ್ತಮ.

ಎರಡನೆಯದು ಲೆಕ್ಕ. ಹಾಡೊಂದಕ್ಕೆ ಸರಾಸರಿ 4 ನಿಮಿಷವೆಂದು ಹಿಡಿದರೆ ಒಂದು ಪಕ್ಕಕ್ಕೆ 11 ಹಾಡುಗಳು, ಅಂದರೆ 44 ನಿಮಿಷ. ನಡುವಣ ಹತ್ತು ವಿರಾಮಗಳಿಗೆ ನಾಲ್ಕು ನಾಲ್ಕು ಸೆಕೆಂಡು ಬಿಟ್ಟರೆ ಇನ್ನೂ 40 ಸೆಕೆಂಡು. ಉಳಿಯುವುದು ಕೇವಲ 20 ಸೆಕೆಂಡು! ಸುರುಳಿಯ ಮೊದಲಿನ ಕೆಲವು ಸೆಕೆಂಡುಗಳ ಪಟ್ಟಿಯಲ್ಲಿ ಧ್ವನಿ ನಿಲ್ಲುವುದಿಲ್ಲವೆಂಬುದನ್ನೂ ಮರೆಯಬಾರದು. ಆದುದರಿಂದ ಮುಂಚಿತವಾಗಿಯೇ ಕಾಗದದ ಮೇಲೆ ಕೂಡಿಸಿ ನೋಡಿಕೊಳ್ಳಬೇಕು.

ಮೂರನೆಯದು ಆಯ್ಕೆ. ನಾನಾದರೆ ಸಿಸ್ಟರ್ ರೊಸೆಟ್ಟಾ ಥಾರ್ಪ್ ಎಂಬ ಗಾಯಕಿಯಿಂದ ಆರಂಭಿಸುವೆನು. 1915ರಲ್ಲಿ ಅಮೆರಿಕದ ಆರ್ಕನ್ಸಾ ಸೀಮೆಯಲ್ಲಿ ಹುಟ್ಟಿದ ಈ ಕಪ್ಪುಜನಾಂಗದ ಮಹಿಳೆ ದೇವಾಲಯದ ಭಕ್ತಿಗೀತಗಳನ್ನು ವಿದ್ಯುತ್ ಗಿಟಾರಿನೊಡನೆ ಹಾಡಿದಳು. 1944ರಲ್ಲಿ ಮುದ್ರಿತವಾದ ಆಕೆಯ ಹಾಡೊಂದನ್ನು ರಾಕ್ ಸಂಗೀತದ ಮೊಳಕೆಗಳಲ್ಲೊಂದೆಂದು ಅನೇಕರು ಎಣಿಸುವರು. ರಾಕ್ ಗಂಡಸರ ಸೊತ್ತೆಂದು ತಿಳಿದ ನಮ್ಮ ಹುಡುಗಿಯರು ಇದನ್ನು ಅರಿತಿರಬೇಕು. ಆಕೆಯ ಬೆನ್ನಿಗೆ 1958ರ ಚಕ್ ಬೆರ್ರಿಯ 'ಜಾನಿ ಬಿ. ಗುಡ್' ಇಟ್ಟರೆ, ಗಿಟಾರಿನ ಮಾತು ಯಾರಿಂದ ಯಾರಿಗೆ ಬಂತೆಂಬುದು ಕಿವಿಗೇ ತಿಳಿಯುವುದು. ಬೀಟಲ್ಸ್ ತಂಡದ 1966ರ 'ಟುಮಾರೊ ನೆವರ್ ನೋಸ್' ಹಾಡಿನಲ್ಲಿ ನಮ್ಮ ತಂಬೂರಿಯ ಶ್ರುತಿಯೂ, ಕತ್ತರಿಸಿ ಉಂಗುರವಾಗಿ ಅಂಟಿಸಿದ ಧ್ವನಿಪಟ್ಟಿಗಳ ವಿಚಿತ್ರ ನಾದವೂ ಕೂಡಿವೆ.

ನಾಲ್ಕನೆಯದು ಕ್ರಮ. ಇಸವಿಗಳ ಪ್ರಕಾರ ಜೋಡಿಸಿದರೆ ಅದು ಚರಿತ್ರೆಯ ಪಾಠವಾದೀತೇ ಹೊರತು ಔತಣವಾಗದು. ಸಾದೃಶ್ಯದಿಂದ ಒಂದೆರಡನ್ನು, ವಿರೋಧದಿಂದ ಒಂದೆರಡನ್ನು ಪಕ್ಕಪಕ್ಕಕ್ಕಿಡಬೇಕು. ಕ್ವೀನ್ ತಂಡದ 1975ರ 'ಬೊಹೀಮಿಯನ್ ರಾಪ್ಸೊಡಿ' ಸುಮಾರು 6 ನಿಮಿಷದ್ದು. ಸ್ವರದ ಮೇಲೆ ಸ್ವರವನ್ನೇರಿಸಿ ಕಟ್ಟಿದ ಅರಮನೆ. ಮರುವರ್ಷ ಬಂದ ರಮೋನ್ಸ್ ತಂಡದ 'ಬ್ಲಿಟ್ಸ್‌ಕ್ರೀಗ್ ಬಾಪ್' 2 ನಿಮಿಷಕ್ಕೆ ತುಸು ಮಿಕ್ಕಿದುದು, ಅಲಂಕಾರವಿಲ್ಲದ ಗುಡಿಸಲು. ಇವೆರಡನ್ನು ಒಂದರ ಬೆನ್ನಿಗೊಂದು ಕೇಳಿದವಳಿಗೆ ಪಂಕ್ ಎಂಬ ರೀತಿ ಯಾವುದರ ವಿರುದ್ಧ ಹುಟ್ಟಿತೆಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಪಕ್ಕದ ಕೊನೆಗೆ ಕ್ರ್ಯಾನ್‌ಬೆರೀಸ್ ತಂಡದ 1994ರ 'ಜಾಂಬಿ' ಇರಲಿ. ಇಂಗ್ಲೆಂಡಿನ ವಾರಿಂಗ್ಟನ್ ಎಂಬ ಊರಿನಲ್ಲಿ 1993ರಲ್ಲಿ ಬಾಂಬು ಸಿಡಿದು ಇಬ್ಬರು ಬಾಲಕರು ಸತ್ತರು. ಐರ್ಲೆಂಡಿನ ಗಾಯಕಿ ಡೊಲೊರೆಸ್ ಓ'ರಿಯೋರ್ಡನ್ ಆ ದುಃಖದಿಂದಲೇ ಇದನ್ನು ಬರೆದಳು. ಇದನ್ನು ತಿಳಿದು ಕೇಳಿದಾಗ, ಕಿರಿಚಾಟವೆಂದು ತೋರಿದ್ದು ಗೋಳಾಟವೆಂದು ಗೊತ್ತಾಗುವುದು.

ಕೊನೆಯದು ಮುದ್ರಣ. ಹಳೆಯ ಹಾಡುಗಳು ಮೆಲ್ಲಗೆ, 1990ರ ಈಚಿನವು ಜೋರಾಗಿ ಮುದ್ರಿತವಾಗಿರುವುದರಿಂದ ಪ್ರತಿಯೊಂದಕ್ಕೂ ಧ್ವನಿಯ ಪ್ರಮಾಣವನ್ನು ಬೇರೆಯಾಗಿ ಸರಿಪಡಿಸಬೇಕು. ಮುಗಿದ ಮೇಲೆ ಕ್ಯಾಸೆಟ್ಟಿನ ಅಂಚಿನಲ್ಲಿರುವ ಎರಡು ಚಿಕ್ಕ ಪ್ಲಾಸ್ಟಿಕ್ ತುಂಡುಗಳನ್ನು ಮುರಿದರೆ, ಯಾರೂ ಮರೆತು ಅದರ ಮೇಲೆ ಬೇರೆಯದನ್ನು ಮುದ್ರಿಸಲಾರರು.

ನಾನು ಲೆಕ್ಕದ ವಿಷಯವನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವುಂಟು. ಹಾಸ್ಟೆಲಿನಲ್ಲಿದ್ದಾಗ, ಊರು ಬಿಟ್ಟು ಹೋಗಲಿದ್ದ ಗೆಳತಿಗೆ ನಾನೊಂದು ಸುರುಳಿಯನ್ನು ಮಾಡಿಕೊಟ್ಟೆನು. ಕೂಡಿಸಿ ನೋಡದೆ ಆತುರದಿಂದ ಮುದ್ರಿಸಿದ್ದರಿಂದ ಕಡೆಯ ಹಾಡು ನಡುಮಾತಿನಲ್ಲಿಯೇ ತುಂಡಾಯಿತು. ನಾನು ಅವಳಿಗೆಂದೇ ಆರಿಸಿದ್ದ ಹಾಡು ಅದು. ಬಹಳ ವರ್ಷಗಳ ಮೇಲೆ ಅವಳು ಸಿಕ್ಕಿದಾಗ, "ಆ ಹಾಡು ಹೇಗೆ ಮುಗಿಯುತ್ತದೆ, ಹೇಳೇ" ಎಂದು ಕೇಳಿದಳು. ನಗುತ್ತಲೇ ಕೇಳಿದಳು, ಆದರೂ ನಾನು ನಾಚಿದೆನು. ಬೇರೊಬ್ಬರಿಗಾಗಿ ಮಾಡುವ ಕೆಲಸದಲ್ಲಿ ಪ್ರೀತಿ ಎಷ್ಟಿದ್ದರೂ ಎಚ್ಚರವಿಲ್ಲದಿದ್ದರೆ ಸಾಲದೆಂದು ಆ ದಿನ ಕಲಿತೆನು.

1977ರಲ್ಲಿ ಹಾರಿಬಿಟ್ಟ ವಾಯೇಜರ್ ನೌಕೆಗಳಲ್ಲಿಯೂ ಇಂಥದೇ ಒಂದು ಸಂಕಲನವುಂಟು. ಚಿನ್ನದ ಲೇಪವುಳ್ಳ ತಟ್ಟೆಯಲ್ಲಿ ಸುಮಾರು 90 ನಿಮಿಷದ ಸಂಗೀತ: ಜರ್ಮನಿಯ ಬಾಖ್, ನಮ್ಮ ದೇಶದ ಕೇಸರಬಾಯಿ ಕೇರ್ಕರ್, ಮತ್ತು ಅದೇ ಚಕ್ ಬೆರ್ರಿ. ಭೂಲೋಕದ ಪರವಾಗಿ ಕಳುಹಿಸುವಾಗಲೂ ಆರಿಸಲೇಬೇಕಾಯಿತು. ಇಂದು ನಮ್ಮ ಮಕ್ಕಳ ಮೊಬೈಲಿನ ಪಟ್ಟಿಗಳಿಗೆ ಮಿತಿಯೇ ಇಲ್ಲ. ಆದುದರಿಂದ ಬಿಡುವ ಅಭ್ಯಾಸವೂ ಇಲ್ಲ.

ಹೆತ್ತವರಲ್ಲಿ ನನ್ನದೊಂದು ಬಿನ್ನಹ. ಈ ರಜೆಯಲ್ಲಿ ನಿಮ್ಮ ಮಗಳಿಗೆ 45 ನಿಮಿಷದ ಮಿತಿಯನ್ನು ಹಾಕಿ, ನಿಮಗಾಗಿ ಹನ್ನೊಂದು ಹಾಡುಗಳನ್ನು ಆರಿಸಿಕೊಡಲು ಹೇಳಿರಿ. ಬಳಿಕ ಅವಳ ಪಕ್ಕದಲ್ಲಿ ಕುಳಿತು, ಕೊನೆಯ ಹಾಡು ಮುಗಿಯುವ ತನಕ ಕೇಳಿರಿ.