ಗಂಟು ಬಿದ್ದ ತಂತಿ: ಕಾರ್ಲ್ ಪರ್ಕಿನ್ಸ್ ಮತ್ತು ರಾಕಬಿಲಿ

ರಾಕಬಿಲಿ 1950ರ ದಶಕದ ನಡುಭಾಗದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹುಟ್ಟಿದ ಸಂಗೀತ. ಬಿಳಿಯ ಹಳ್ಳಿಗರ ಕಂಟ್ರಿ ಹಾಡಿಗೆ ‘ಹಿಲ್‌ಬಿಲಿ’ ಎಂಬ ಹೆಸರಿತ್ತು. ಅದು ಕಪ್ಪು ಜನರ ಬ್ಲೂಸ್ ಜೊತೆ ಬೆರೆತು ವೇಗ ಪಡೆದಾಗ ‘ರಾಕ್’ ಮತ್ತು ‘ಹಿಲ್‌ಬಿಲಿ’ ಕೂಡಿ ರಾಕಬಿಲಿ ಆಯಿತು. ವಾದ್ಯಗಳು ಬೆರಳೆಣಿಕೆಯವು: ಒಂದೆರಡು ಗಿಟಾರ್, ಆಳೆತ್ತರದ ಬಾಸ್, ಕೆಲವೊಮ್ಮೆ ಡ್ರಮ್. ಬಾಸಿನ ದಪ್ಪ ತಂತಿಯನ್ನು ಎಳೆದುಬಿಟ್ಟರೆ ಅದು ಮರದ ಪಟ್ಟಿಗೆ ಪಟ್ಟೆಂದು ಬಡಿಯುತ್ತದೆ. ಡ್ರಮ್ ಇಲ್ಲದ ಕಡೆ ಆ ಬಡಿತವೇ ತಾಳ. ವ್ಯಾಖ್ಯೆ ಇಷ್ಟು ಸಾಕು. ಉಳಿದದ್ದನ್ನು ಒಬ್ಬನ ಬೆರಳುಗಳಿಂದ ಕಲಿಯೋಣ.

ಕಾರ್ಲ್ ಪರ್ಕಿನ್ಸ್ ಹುಟ್ಟಿದ್ದು 1932ರ ಏಪ್ರಿಲ್ 9ರಂದು, ಟೆನೆಸಿಯ ಟಿಪ್ಟನ್‌ವಿಲ್ ಬಳಿ. ಮನೆಯವರು ಬೇರೆಯವರ ಹತ್ತಿಹೊಲವನ್ನು ಕೋರಿಗೆ ಮಾಡುತ್ತಿದ್ದರು. ಹುಡುಗನೂ ಚಿಕ್ಕಂದಿನಲ್ಲೇ ಹತ್ತಿ ಬಿಡಿಸಲು ಹೋದ. ಹೊಲದಲ್ಲಿ ಕಪ್ಪು ಕೂಲಿಗಳ ಭಕ್ತಿಗೀತೆ, ಶನಿವಾರ ರಾತ್ರಿ ಅಪ್ಪನ ರೇಡಿಯೊದಲ್ಲಿ ಕಂಟ್ರಿ ಹಾಡು; ಎರಡೂ ಒಂದೇ ಕಿವಿಗೆ ಬಿದ್ದವು. ಮೊದಲ ಗಿಟಾರನ್ನು ಅಪ್ಪ ಸಿಗಾರ್ ಡಬ್ಬಿಗೆ ಪೊರಕೆಯ ಹಿಡಿ ಜೋಡಿಸಿ ಮಾಡಿಕೊಟ್ಟರು. ನುಡಿಸಲು ಕಲಿಸಿದವರು ಜಾನ್ ವೆಸ್ಟ್‌ಬ್ರೂಕ್ ಎಂಬ ವಯಸ್ಸಾದ ಕಪ್ಪು ಕೂಲಿಕಾರ. ಹುಡುಗನಿಗೆ ಅವರು ‘ಅಂಕಲ್ ಜಾನ್’.

ನನಗೆ ಬಹಳ ಇಷ್ಟವಾದ ಭಾಗ ಇಲ್ಲಿದೆ. ಹಳೆಯ ಗಿಟಾರಿನ ತಂತಿ ಹರಿದರೆ ಹೊಸದನ್ನು ಕೊಳ್ಳಲು ಕಾಸಿರಲಿಲ್ಲ. ಹುಡುಗ ಹರಿದ ತುದಿಗಳಿಗೆ ಗಂಟು ಹಾಕುತ್ತಿದ್ದ. ಬೆರಳನ್ನು ತಂತಿಯ ಉದ್ದಕ್ಕೂ ಜಾರಿಸಿದರೆ ಗಂಟು ಬೆರಳನ್ನು ಕೊಯ್ಯುತ್ತಿತ್ತು. ಹಾಗಾಗಿ ಜಾರಿಸುವುದನ್ನು ಬಿಟ್ಟು, ಇದ್ದಲ್ಲೇ ತಂತಿಯನ್ನು ಪಕ್ಕಕ್ಕೆ ತಳ್ಳಿ ಬೇಕಾದ ಸ್ವರ ಹುಡುಕಲು ಕಲಿತ. ಇದನ್ನು ಪರ್ಕಿನ್ಸ್ ತಾವೇ ಹೇಳಿಕೊಂಡಿದ್ದಾರೆ.

ಹೊಸಬರು ಎಡವುವುದು ಇಲ್ಲೇ. ‘ಗಿಟಾರಿಗೆ ಮೆಟ್ಟಿಲುಗಳಿವೆಯಲ್ಲ, ಮೆಟ್ಟಿಲಿಗೊಂದು ಸ್ವರ ತಾನೆ?’ ಎಂದು ಕೇಳುತ್ತಾರೆ. ಮೆಟ್ಟಿಲು ಗೊತ್ತುಮಾಡುವುದು ಮಿಡಿಯುವ ತಂತಿಯ ಉದ್ದವನ್ನು ಮಾತ್ರ. ಸ್ವರದ ಎತ್ತರ ತಂತಿಯ ಬಿಗಿತವನ್ನೂ ತೂಕವನ್ನೂ ಅವಲಂಬಿಸಿದೆ. ಒತ್ತಿ ಹಿಡಿದ ತಂತಿಯನ್ನು ಪಕ್ಕಕ್ಕೆ ತಳ್ಳಿದರೆ ಬಿಗಿತ ಹೆಚ್ಚುತ್ತದೆ, ಕಂಪನ ಚುರುಕಾಗುತ್ತದೆ, ಸ್ವರ ಏರುತ್ತದೆ. ಒಮ್ಮೆಗೇ ನೆಗೆದು ಏರುವುದಿಲ್ಲ, ಎಳೆಎಳೆಯಾಗಿ ಏರುತ್ತದೆ. ವೀಣೆಯಲ್ಲಿ ತಂತಿ ಎಳೆದು ಗಮಕ ತೆಗೆಯುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಬ್ಲೂಸ್‌ನ ಕೊರಗು ಇರುವುದು ಇಂಥ ಎಡೆಯಲ್ಲೇ. ನಮ್ಮ ಮಾತಿನಲ್ಲಿ ಹೇಳುವುದಾದರೆ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ, ಯಾವ ಮೆಟ್ಟಿಲೂ ಇಲ್ಲದ ಜಾಗದಲ್ಲಿ. ಪರ್ಕಿನ್ಸ್ ಆ ಕೊರಗನ್ನು ಕಂಟ್ರಿಯ ಕುಣಿತಕ್ಕೆ ತಂದು ಕೂಡಿಸಿದರು.

ಅಣ್ಣ ಜೇ, ತಮ್ಮ ಕ್ಲೇಟನ್, ಡ್ರಮ್ ಬಾರಿಸುವ ಡಬ್ಲ್ಯು. ಎಸ್. ಹಾಲೆಂಡ್ ಜೊತೆ ಅವರು ಜಾಕ್ಸನ್ ಊರಿನ ಸುತ್ತಲಿನ ಹೆಂಡದಂಗಡಿಗಳಲ್ಲಿ ನುಡಿಸುತ್ತಿದ್ದರು. 1954ರಲ್ಲಿ ರೇಡಿಯೊದಲ್ಲಿ ಎಲ್ವಿಸ್ ಪ್ರೀಸ್ಲಿಯ ಹಾಡು ಕೇಳಿಬಂತು. ತಾವು ನುಡಿಸುತ್ತಿದ್ದುದೂ ಅದೇ ಬಗೆಯದು ಎಂದು ಮನಗಂಡು ಮೆಂಫಿಸ್‌ನ ಸನ್ ರೆಕಾರ್ಡ್ಸ್‌ಗೆ, ಅದರ ಒಡೆಯ ಸ್ಯಾಮ್ ಫಿಲಿಪ್ಸ್ ಬಳಿಗೆ ಹೋದರು. 1955ರ ಡಿಸೆಂಬರ್ 19ರಂದು ಅಲ್ಲಿ ಧ್ವನಿಮುದ್ರಣವಾದದ್ದು ‘ಬ್ಲೂ ಸ್ವೇಡ್ ಶೂಸ್’. ಕುಣಿತದ ನಡುವೆ ತನ್ನ ಮೆತ್ತನೆ ಚರ್ಮದ ಬೂಟನ್ನು ತುಳಿಯಬೇಡವೆಂದು ಗೆಳತಿಗೆ ಹೇಳುತ್ತಿದ್ದ ಹುಡುಗನೊಬ್ಬನನ್ನು ಕಂಡು ಪರ್ಕಿನ್ಸ್ ಅದನ್ನು ಬರೆದರು. ಸ್ನೇಹಿತ ಜಾನಿ ಕ್ಯಾಶ್ ಕೂಡ ಅದಕ್ಕೆ ಮೊದಲೇ ಇಂಥದೇ ಬೂಟಿನ ಹಾಡು ಬರೆ ಎಂದಿದ್ದರು.

ಈ ಹಾಡಿನ ಸುತ್ತ ಎರಡು ತಪ್ಪು ತಿಳಿವಳಿಕೆಗಳಿವೆ. ಹಾಡು ಎಲ್ವಿಸ್‌ದು ಎಂಬುದು ಮೊದಲನೆಯದು. ಪರ್ಕಿನ್ಸ್ ಕಾರು ಅಪಘಾತವಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಎಲ್ವಿಸ್ ಅದನ್ನು ಕಸಿದುಕೊಂಡರು ಎಂಬುದು ಎರಡನೆಯದು. ತಾರೀಖುಗಳನ್ನು ಸಾಲಾಗಿ ಇಟ್ಟು ನೋಡಿ. ಪರ್ಕಿನ್ಸ್ ರೆಕಾರ್ಡ್ ಹೊರಬಂದದ್ದು 1956ರ ಜನವರಿ 1. ಎಲ್ವಿಸ್ ತಮ್ಮ ಆವೃತ್ತಿ ಮುದ್ರಿಸಿದ್ದು ಜನವರಿ 30. ಟೆಲಿವಿಷನ್ ಕಾರ್ಯಕ್ರಮಕ್ಕಾಗಿ ನ್ಯೂಯಾರ್ಕಿಗೆ ಹೊರಟಿದ್ದ ಪರ್ಕಿನ್ಸ್ ಸೋದರರ ಕಾರು ಡೆಲವೇರ್‌ನ ಡೋವರ್ ಬಳಿ ಪಿಕಪ್ ಟ್ರಕ್ಕಿಗೆ ಗುದ್ದಿದ್ದು ಮಾರ್ಚ್ 22. ಅಂದರೆ ಎಲ್ವಿಸ್ ಹಾಡಿದ್ದು ಅಪಘಾತಕ್ಕೂ ಮುಂಚೆ. ಬಿಲ್‌ಬೋರ್ಡ್ ಪಾಪ್ ಪಟ್ಟಿಯಲ್ಲಿ ಪರ್ಕಿನ್ಸ್ 2ನೇ ಸ್ಥಾನಕ್ಕೆ ಏರಿದರು. ಎಲ್ವಿಸ್ ಆವೃತ್ತಿ ನಿಂತದ್ದು 20ರಲ್ಲಿ. ಕಂಟ್ರಿ ಮತ್ತು ರಿದಮ್ ಆಂಡ್ ಬ್ಲೂಸ್ ಪಟ್ಟಿಗಳಲ್ಲೂ ಪರ್ಕಿನ್ಸ್ ಹಾಡು ಮೇಲೇರಿತು. ಬಿಳಿಯರಿಗೊಂದು, ಕಪ್ಪು ಜನರಿಗೊಂದು ಎಂದು ಅಂಗಡಿ ಬೇರೆಯಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಅಪಘಾತ ಕಸಿದದ್ದು ಹಾಡನ್ನಲ್ಲ, ಸಮಯವನ್ನು. ಹೆಸರು ಬೆಳೆಯಬೇಕಿದ್ದ ವಾರಗಳಲ್ಲಿ ಪರ್ಕಿನ್ಸ್ ಆಸ್ಪತ್ರೆಯಲ್ಲಿದ್ದರು. ಅಣ್ಣ ಜೇ ಅವರ ಕತ್ತಿನ ಮೂಳೆ ಮುರಿದಿತ್ತು. 1958ರಲ್ಲಿ ಅವರು ತೀರಿಕೊಂಡರು. ಕುಡಿತ ಪರ್ಕಿನ್ಸರನ್ನು ವರ್ಷಗಟ್ಟಲೆ ಹಿಡಿದಿತ್ತು. ಮುಂದೆ ಕ್ಯಾಶ್ ಜೊತೆ ಊರೂರು ಸುತ್ತುತ್ತಲೇ ಅದನ್ನು ಬಿಟ್ಟರು. ಕ್ಯಾಶ್ ಹಾಡಿ 1968ರಲ್ಲಿ ಹೆಸರಾದ ‘ಡ್ಯಾಡಿ ಸ್ಯಾಂಗ್ ಬಾಸ್’ ಬರೆದವರು ಇವರೇ. ಮಕ್ಕಳ ಮೇಲಿನ ದೌರ್ಜನ್ಯ ತಡೆಯಲು 1981ರಲ್ಲಿ ಜಾಕ್ಸನ್‌ನಲ್ಲಿ ಶುರುವಾದ ಕೇಂದ್ರಕ್ಕೆ ಅವರ ಹೆಸರಿದೆ.

ಸಮುದ್ರದಾಚೆ ಲಿವರ್‌ಪೂಲ್‌ನಲ್ಲಿ ಹುಡುಗನೊಬ್ಬ ಅವರ ರೆಕಾರ್ಡುಗಳನ್ನು ಕೇಳಿ ಕೇಳಿ ಬೆರಳು ಪಳಗಿಸಿದ. 1960ರ ಸ್ಕಾಟ್ಲೆಂಡ್ ಪ್ರವಾಸದಲ್ಲಿ ತನ್ನನ್ನು ‘ಕಾರ್ಲ್ ಹ್ಯಾರಿಸನ್’ ಎಂದು ಕರೆದುಕೊಂಡ. ಅವನೇ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್. 1964ರಲ್ಲಿ ಬೀಟಲ್ಸ್ ಪರ್ಕಿನ್ಸರ ಮೂರು ಹಾಡುಗಳನ್ನು ಹೊರತಂದರು. 1998ರ ಜನವರಿ 19ರಂದು ಪರ್ಕಿನ್ಸ್ ತೀರಿಕೊಂಡಾಗ, ಅಂತ್ಯಸಂಸ್ಕಾರದಲ್ಲಿ ಹ್ಯಾರಿಸನ್ ಗಿಟಾರ್ ಹಿಡಿದು ಗುರುವಿನ ಹಾಡನ್ನೇ ಹಾಡಿದರು.

ಹತ್ತಿಹೊಲದ ಕೂಲಿಯಿಂದ ಕೋರು ಬೇಸಾಯಗಾರನ ಮಗನಿಗೆ, ಅವನಿಂದ ಲಿವರ್‌ಪೂಲಿಗೆ, ಅಲ್ಲಿಂದ ಲೋಕಕ್ಕೆ: ಈ ವಿದ್ಯೆ ನಡೆದು ಬಂದ ದಾರಿ ಇದು. ಓದುಗರಲ್ಲಿ ನನ್ನ ಕೋರಿಕೆ ಎರಡು. ಪರ್ಕಿನ್ಸ್ ಮತ್ತು ಎಲ್ವಿಸ್ ಇಬ್ಬರ ‘ಬ್ಲೂ ಸ್ವೇಡ್ ಶೂಸ್’ ಅನ್ನೂ ಒಂದರ ಹಿಂದೊಂದು ಕೇಳಿ. ಗಿಟಾರಿನ ತಂತಿ ಎಲ್ಲಿ ಬಾಗುತ್ತದೆ ಎಂದು ಗುರುತಿಸಿ. ಆಮೇಲೆ ಬ್ಲೂಸ್ ಕಡೆಗೆ ಹೋಗಿ, ಆ ತಂತಿಯನ್ನು ಮೊದಲು ಬಾಗಿಸಿದವರನ್ನು ಹುಡುಕಿ. ತಾರೆಯರ ಹೆಸರು ತಾನಾಗಿ ಉಳಿಯುತ್ತದೆ. ಜಾನ್ ವೆಸ್ಟ್‌ಬ್ರೂಕ್ ಅಂಥವರ ಹೆಸರನ್ನು ನಾವೇ ಉಳಿಸಿಕೊಳ್ಳಬೇಕು.