ಮಂಗನ ಕಾಯಿಲೆ: ಉಣ್ಣಿಯ ದಾರಿಯೂ ನಮ್ಮ ಎಚ್ಚರವೂ

ಅಡಿಕೆಗೆ ಕೊಳೆರೋಗ ಬಂದ ಮೇಲೆ ಬೋರ್ಡೋ ದ್ರಾವಣ ಹೊಡೆದರೆ ಪ್ರಯೋಜನ ಅಷ್ಟಕ್ಕಷ್ಟೆ. ಮಳೆ ಬಲಗೊಳ್ಳುವ ಮೊದಲೇ ಗೊನೆಗಳಿಗೆ ಸಿಂಪಡಿಸಬೇಕೆಂಬುದು ಬೆಳೆಗಾರರಾದ ನಮಗೆಲ್ಲ ಗೊತ್ತಿರುವ ಸಂಗತಿ. ರೋಗ ಎಲ್ಲಿಂದ ಬರುತ್ತದೆ, ಯಾವ ಕಾಲದಲ್ಲಿ ಬರುತ್ತದೆ, ಯಾವುದರ ಬೆನ್ನೇರಿ ಬರುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ತಿಳಿದಿದ್ದರೆ ಅದನ್ನು ತಡೆಯುವ ಅರ್ಧ ಕೆಲಸ ಆದಂತೆಯೇ. ಗಿಡಕ್ಕೆ ಹೇಳಿದ ಈ ಮಾತು ಮನುಷ್ಯರಿಗೂ ದನಕರುಗಳಿಗೂ ಅಷ್ಟೇ ಸಲ್ಲುತ್ತದೆ.

ಅಂಟುರೋಗಗಳು ಹರಡುವ ದಾರಿಗಳು ಬೇರೆ ಬೇರೆ. ಕ್ಷಯ, ದಡಾರಗಳು ರೋಗಿಯ ಉಸಿರು ಮತ್ತು ಕೆಮ್ಮಿನ ಮೂಲಕ ಗಾಳಿಯಲ್ಲಿ ಬರುತ್ತವೆ. ಕಾಲರಾ ನೀರಿನಲ್ಲಿ ಬರುತ್ತದೆ. ಇಲಿಜ್ವರವು ಇಲಿಯ ಮೂತ್ರ ಬೆರೆತ ಕೆಸರಿನಿಂದ, ಕಾಲಿನ ಗಾಯದ ಮೂಲಕ ಒಳಸೇರುತ್ತದೆ. ಹುಚ್ಚುನಾಯಿ ರೋಗಕ್ಕೆ ಕಡಿತವೇ ದಾರಿ. ಮಲೇರಿಯಾ, ಡೆಂಗೆಗಳಿಗೆ ಸೊಳ್ಳೆ ವಾಹನ. ದಾರಿ ಯಾವುದೆಂದು ತಿಳಿಯದೆ ಮಾಡುವ ಉಪಾಯ ಬೇಲಿ ಬಿಟ್ಟು ಹೊಲದ ನಡುವೆ ಕಾವಲು ಕೂತಂತೆ. ನಮ್ಮ ಕಾಡಂಚಿನ ತೋಟಗಳಿಗೆ ಬಹು ಹತ್ತಿರವಾದ, ಕಾಡು, ಮಂಗ, ದನ, ಮನುಷ್ಯ ಎಲ್ಲರನ್ನೂ ಒಂದೇ ಸರಪಳಿಯಲ್ಲಿ ಕಟ್ಟಿರುವ ಮಂಗನ ಕಾಯಿಲೆಯನ್ನು ಈ ದೃಷ್ಟಿಯಿಂದ ಇಲ್ಲಿ ವಿವರಿಸಲಾಗಿದೆ.

ಕ್ಯಾಸನೂರಿನಿಂದ ನಮ್ಮ ಬಾಗಿಲಿಗೆ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತುಬಿದ್ದವು. ಅದೇ ಹೊತ್ತಿಗೆ ಸುತ್ತಲ ಹಳ್ಳಿಗಳ ಜನರಿಗೂ ವಿಪರೀತ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಡಾ. ಟೆಲ್ಫೋರ್ಡ್ ವರ್ಕ್ ಮತ್ತು ಅವರ ಸಂಗಡಿಗರು ತನಿಖೆಗೆ ಬಂದರು. ಮಂಗವೂ ಮನುಷ್ಯನೂ ಒಟ್ಟಿಗೆ ಸಾಯುತ್ತಿದ್ದುದರಿಂದ, ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಳದಿಜ್ವರವೇ ಇಲ್ಲಿಗೆ ಬಂದಿತೇ ಎಂಬ ಅನುಮಾನ ಮೊದಲು ಹುಟ್ಟಿತ್ತು. ಪರೀಕ್ಷೆಯಲ್ಲಿ ಸಿಕ್ಕಿದ್ದು ಹೊಸ ವೈರಸ್ಸು. ಅದು ರಷ್ಯಾದ ಕಾಡುಗಳಲ್ಲಿ ಉಣ್ಣಿಯಿಂದ ಹರಡುವ ಮಿದುಳುಜ್ವರದ ವೈರಸ್ಸಿನ ದಾಯಾದಿ. ಕಂಡ ಕಾಡಿನ ಹೆಸರೇ ರೋಗಕ್ಕೆ ನಿಂತಿತು. ಜನ ಮಾತ್ರ ಮಂಗನ ಕಾಯಿಲೆ ಎಂದೇ ಕರೆದರು.

ಮುಂದಿನ ದಶಕಗಳಲ್ಲಿ ಇದು ಶಿವಮೊಗ್ಗದಿಂದ ಉತ್ತರ ಕನ್ನಡ, ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು ಜಿಲ್ಲೆಗಳಿಗೆ ಹಬ್ಬಿತು. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ಮುಟ್ಟಿ ವಿಲೇವಾರಿ ಮಾಡಿದವರಿಗೇ ಜ್ವರ ಬಂತು. ಆಮೇಲೆ ನೀಲಗಿರಿ, ವಯನಾಡುಗಳಲ್ಲಿ ಕಂಡಿತು. 2015ರಲ್ಲಿ ಗೋವಾದ ಸತ್ತರಿ ತಾಲೂಕಿನಲ್ಲಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗದಲ್ಲಿ ಕಾಣಿಸಿಕೊಂಡಿತು. ಅದೇ 2016ರಲ್ಲಿ ಗೋವಾದ ಗೇರು ತೋಟಗಳಿಗೆ ಕೆಲಸಕ್ಕೆ ಹೋಗಿದ್ದ ನಮ್ಮ ಬೆಳಗಾವಿ ಜಿಲ್ಲೆಯ ಕೂಲಿಕಾರರಲ್ಲಿ ಈ ರೋಗ ಪರೀಕ್ಷೆಯಿಂದ ಖಚಿತವಾಯಿತು.

ಈ ಹೆಸರುಗಳನ್ನು ನಕ್ಷೆಯಲ್ಲಿ ಇಟ್ಟು ನೋಡಿದರೆ ಲೋಂಡಾದ ಸ್ಥಾನ ತಾನೇ ಗೊತ್ತಾಗುತ್ತದೆ. ಸತ್ತರಿ, ದೋಡಾಮಾರ್ಗಗಳು ಘಟ್ಟದ ಆ ಮಗ್ಗುಲು. ಖಾನಾಪುರ ತಾಲೂಕಿನ ಕಾಡು ಈ ಮಗ್ಗುಲು. ದಕ್ಷಿಣಕ್ಕೆ ಜೋಯಿಡಾ ದಾಟಿದರೆ ಉತ್ತರ ಕನ್ನಡದ ಕಾಡುಗಳೇ. ಕ್ಯಾಸಲ್‌ರಾಕ್ ಮೇಲಿಂದ ಗೋವಾಕ್ಕೆ ಇಳಿಯುವ ರೈಲಿಗೆ ಲೋಂಡಾ ಜಂಕ್ಷನ್ನೇ ಹೆಬ್ಬಾಗಿಲು. ಗೇರು ಸುಗ್ಗಿಗೆ ಹೋಗುವ ಜನ ಇದೇ ದಾರಿಯಲ್ಲಿ ಹೋಗಿ ಇದೇ ದಾರಿಯಲ್ಲಿ ಬರುತ್ತಾರೆ. ಆದ್ದರಿಂದ ಇದು ಮಲೆನಾಡಿನವರ ಕಾಯಿಲೆ, ನಮಗೇಕೆ ಎಂದು ಸುಮ್ಮನಿರುವಂತಿಲ್ಲ.

ಉಣ್ಣಿಯ ಬಾಳು

ಈ ರೋಗದ ವಾಹನ ಉಣ್ಣಿ. ಮಲೆನಾಡಿನ ಕಡೆ ಇದನ್ನೇ ಉಣುಗು ಎನ್ನುತ್ತಾರೆ. ಉಣ್ಣಿಗಳಲ್ಲಿ ಹಲವು ಜಾತಿ. ಅವುಗಳಲ್ಲಿ ಹಿಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಕಾಡುಉಣ್ಣಿಯೇ ಮುಖ್ಯ ಅಪರಾಧಿ. ಇದರ ಬಾಳಿನಲ್ಲಿ ಮೊಟ್ಟೆಯ ನಂತರ ಮೂರು ಹಂತಗಳಿವೆ: ಮರಿ, ಎಳೆಯ ಉಣ್ಣಿ, ಬೆಳೆದ ಉಣ್ಣಿ. ಒಂದೊಂದು ಹಂತದಲ್ಲೂ ಒಂದು ಪ್ರಾಣಿಯ ರಕ್ತ ಕುಡಿದು, ನೆಲಕ್ಕೆ ಬಿದ್ದು, ಪೊರೆ ಕಳಚಿ ಮುಂದಿನ ಹಂತಕ್ಕೆ ಹೋಗುತ್ತದೆ.

ಬೆಳೆದ ಉಣ್ಣಿಗಳು ಮಳೆಗಾಲದಲ್ಲಿ ದನ, ಕಾಟಿ, ಜಿಂಕೆಗಳಂಥ ದೊಡ್ಡ ಪ್ರಾಣಿಗಳ ರಕ್ತ ಹೀರಿ ಉಬ್ಬಿ ನೆಲಕ್ಕೆ ಬೀಳುತ್ತವೆ. ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ. ಮಳೆ ಹಿಂದೆ ಸರಿದ ಮೇಲೆ ಮರಿಗಳು ತರಗೆಲೆಯ ಮೇಲೆ ಹರಿದಾಡಿ ಇಲಿ, ಮೂಗಿಲಿ, ನೆಲದ ಹಕ್ಕಿ, ಮಂಗಗಳಿಗೆ ಹತ್ತುತ್ತವೆ. ರಕ್ತದಲ್ಲಿ ವೈರಸ್ಸಿರುವ ಪ್ರಾಣಿ ಸಿಕ್ಕಿದರೆ ಉಣ್ಣಿಯ ಹೊಟ್ಟೆಗೂ ವೈರಸ್ಸು ಸೇರಿ, ಅದು ಪೊರೆ ಕಳಚಿದರೂ ಒಳಗೇ ಉಳಿಯುತ್ತದೆ. ಡಿಸೆಂಬರಿನಿಂದ ಮೇವರೆಗೆ ಎಳೆಯ ಉಣ್ಣಿಗಳ ಕಾಲ. ಸಾಸಿವೆ ಕಾಳಿಗಿಂತ ಹೆಚ್ಚು ದೊಡ್ಡದಲ್ಲದ ಈ ಎಳೆಯ ಉಣ್ಣಿಯೇ ಹೆಚ್ಚಾಗಿ ಮನುಷ್ಯನನ್ನು ಕಚ್ಚುವುದು. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ಆ ತಿಂಗಳುಗಳಲ್ಲಿ ನಾವು ಮಾಡುವ ಕೆಲಸಗಳನ್ನು ನೆನೆಯಿರಿ. ಅಡಿಕೆ ಕೊಯ್ಲು, ಕಾಫಿ ಹಣ್ಣು ಬಿಡಿಸುವುದು, ಸೌದೆ, ತೋಟಕ್ಕೆ ತರಗು ಮತ್ತು ಸೊಪ್ಪು, ಆಮೇಲೆ ಗೇರು. ಉಣ್ಣಿಯ ಸುಗ್ಗಿಯೂ ನಮ್ಮ ಸುಗ್ಗಿಯೂ ಒಂದೇ ಕಾಲಕ್ಕೆ ಬೀಳುತ್ತವೆ. ಇದೇ ಈ ರೋಗದ ಗುಟ್ಟು.

ಮಂಗ, ದನ, ಮನುಷ್ಯ

ಮುಸುವ ಮತ್ತು ಕೆಂಪು ಮೋರೆಯ ಕೋತಿ ಎರಡೂ ಈ ರೋಗದಿಂದ ಸಾಯುತ್ತವೆ. ಮಂಗ ಸತ್ತು ಮೈ ತಣ್ಣಗಾದೊಡನೆ ಅದರ ಮೇಲಿದ್ದ ಉಣ್ಣಿಗಳು ಕೆಳಗಿಳಿದು ಸುತ್ತಲ ನೆಲದಲ್ಲಿ ಹರಡುತ್ತವೆ. ಹೀಗೆ ಸತ್ತ ಮಂಗದ ಸುತ್ತಲ ಜಾಗ ವಿಷದ ವೃತ್ತವಾಗುತ್ತದೆ. ಮಂಗ ರೋಗವನ್ನು ಸೃಷ್ಟಿಸುವುದಿಲ್ಲ. ನಮಗಿಂತ ಮೊದಲು ರೋಗಕ್ಕೆ ಬಲಿಯಾಗಿ ಸುದ್ದಿ ತಿಳಿಸುತ್ತದೆ. ತೋಟಕ್ಕೆ ಮಂಗಗಳ ಕಾಟ ಎಷ್ಟೇ ಇರಲಿ, ಒಂದು ಸತ್ತರೆ ಪೀಡೆ ತೊಲಗಿತೆಂದು ಹಳ್ಳಕ್ಕೆ ಎಸೆದು ಸುಮ್ಮನಾದರೆ, ಬಂದ ಎಚ್ಚರಿಕೆಯ ಓಲೆಯನ್ನು ಓದದೆ ಹರಿದಂತೆ.

ದನದ ಪಾತ್ರ ಬೇರೆ. ದನಕ್ಕೆ ಈ ರೋಗ ಬಾಧಿಸುವುದಿಲ್ಲ, ಅದರ ರಕ್ತದಿಂದ ಉಣ್ಣಿಗೆ ವೈರಸ್ಸು ಅಂಟುವುದೂ ಇಲ್ಲವೆನ್ನಬಹುದು. ಆದರೆ ಬೆಳೆದ ಉಣ್ಣಿಗೆ ಅದು ಊಟದ ಮನೆ. ಕಾಡಿಗೆ ಮೇಯಲು ಬಿಟ್ಟ ದನಗಳಿಂದ ಉಣ್ಣಿಯ ಸಂತಾನ ಹೆಚ್ಚುತ್ತದೆ. ಮೇದು ಬರುವಾಗ ಉಣ್ಣಿಗಳು ಹಟ್ಟಿಯವರೆಗೆ ಬರುತ್ತವೆ.

ಮನುಷ್ಯನಿಂದ ಮನುಷ್ಯನಿಗೆ ಈ ರೋಗ ಹರಡುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ರೋಗಿಯ ಮನೆಯನ್ನು ದೂರವಿಡುವುದಕ್ಕೂ, ರೋಗಿಯನ್ನು ಆರೈಕೆ ಮಾಡಲು ಹೆದರುವುದಕ್ಕೂ ಕಾರಣವಿಲ್ಲ.

ಕಾಡು ಕಡಿದಾಗ ಏನಾಗುತ್ತದೆ ಎಂಬುದಕ್ಕೆ ಬೆಳ್ತಂಗಡಿ ತಾಲೂಕಿನ ನಿಡ್ಲೆಯ ಕಥೆ ಪಾಠ. ಅಲ್ಲಿ ಗೇರು ನೆಡಲೆಂದು ವಿಶಾಲವಾದ ಮೀಸಲು ಕಾಡನ್ನು ಸವರಿದ ಬೆನ್ನಿಗೆ, 1982-83ರಲ್ಲಿ ರೋಗ ಸಿಡಿದು ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಕಾಡಿನೊಳಗೆ ಮಂಗ, ಇಲಿ, ಉಣ್ಣಿಗಳ ನಡುವೆ ತನ್ನಷ್ಟಕ್ಕೆ ತಿರುಗುತ್ತಿದ್ದ ರೋಗದ ಚಕ್ರಕ್ಕೆ ನಾವು ನಡುವೆ ಕೈಯಿಟ್ಟರೆ ಕೈಯೇ ಸಿಕ್ಕಿಕೊಳ್ಳುತ್ತದೆ.

ರೋಗದ ಗುರುತು

ಉಣ್ಣಿ ಕಚ್ಚಿದ 3ರಿಂದ 8 ದಿನಗಳಲ್ಲಿ ಒಮ್ಮೆಲೇ ಚಳಿಜ್ವರ, ಸಹಿಸಲಾಗದ ತಲೆನೋವು, ಸೊಂಟ ಮತ್ತು ಮಾಂಸಖಂಡಗಳ ನೋವು, ಕಣ್ಣು ಕೆಂಪು, ವಾಂತಿ, ಭೇದಿ ಕಾಣಿಸುತ್ತವೆ. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ ಒಸರುತ್ತದೆ. ಬಹಳ ಜನ ಒಂದೆರಡು ವಾರದಲ್ಲಿ ಚೇತರಿಸಿಕೊಳ್ಳುತ್ತಾರಾದರೂ ನಿಶ್ಶಕ್ತಿ ತಿಂಗಳುಗಟ್ಟಲೆ ಉಳಿಯುವುದುಂಟು. ನೂರರಲ್ಲಿ ಹತ್ತಿಪ್ಪತ್ತು ಮಂದಿಗೆ ಜ್ವರ ಬಿಟ್ಟು ವಾರವೋ ಎರಡು ವಾರವೋ ಕಳೆದ ಮೇಲೆ ಮತ್ತೆ ಜ್ವರ ಏರಿ, ಕುತ್ತಿಗೆ ಬಿಗಿತ, ಕೈಕಾಲು ನಡುಕ, ಮತಿಭ್ರಮಣೆ ಬರುತ್ತವೆ. ಆದ್ದರಿಂದ ಜ್ವರ ಬಿಟ್ಟಿತೆಂದು ಮರುದಿನವೇ ಮರ ಹತ್ತುವುದು, ಹೊರೆ ಹೊರುವುದು ತರವಲ್ಲ. ರೋಗ ತಗುಲಿದ ನೂರು ಜನರಲ್ಲಿ ಸುಮಾರು 3ರಿಂದ 5 ಮಂದಿ ಸಾಯುತ್ತಾರೆ.

ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಆದರೆ ಬೇಗ ಆಸ್ಪತ್ರೆಗೆ ಸೇರಿದರೆ ದೇಹದ ನೀರಿನಂಶ, ರಕ್ತದೊತ್ತಡ, ರಕ್ತಸ್ರಾವಗಳನ್ನು ನೋಡಿಕೊಂಡು ಜೀವ ಉಳಿಸಲು ಸಾಧ್ಯ. ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ತಂದು ನುಂಗಬಾರದು. ಅವು ರಕ್ತಸ್ರಾವವನ್ನು ಹೆಚ್ಚಿಸಬಹುದು.

ಲಸಿಕೆಯ ಸಂಗತಿ

ಕರ್ನಾಟಕದಲ್ಲಿ 1990ರಿಂದ ಬಾಧಿತ ಹಳ್ಳಿಗಳಲ್ಲಿ ಲಸಿಕೆ ಹಾಕುತ್ತಿದ್ದರು. 2005ರಿಂದ 2010ರವರೆಗಿನ ಲೆಕ್ಕದ ಪ್ರಕಾರ ಎರಡು ಚುಚ್ಚುಮದ್ದು ಪಡೆದವರಿಗೆ ಶೇಕಡಾ 62ರಷ್ಟು, ಮೇಲೊಂದು ಬಲವರ್ಧಕವನ್ನೂ ಪಡೆದವರಿಗೆ ಶೇಕಡಾ 83ರಷ್ಟು ರಕ್ಷಣೆ ಸಿಕ್ಕಿತ್ತು. ನೋವಿನ ಭಯದಿಂದ ಎರಡನೆಯ ಚುಚ್ಚುಮದ್ದಿಗೆ ಬಾರದವರೇ ಹೆಚ್ಚು. ಬರಬರುತ್ತ ಲಸಿಕೆಯ ಬಲ ಕುಂದಿದ್ದು ಕಂಡುಬಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಪ್ರಯತ್ನ ನಡೆಸಿದೆ. ಅದು ಊರಿಗೆ ಬಂದು ತಲುಪುವವರೆಗೆ ನಮ್ಮ ಎಚ್ಚರವೇ ನಮ್ಮ ಲಸಿಕೆ. 2018ರ ಡಿಸೆಂಬರಿನಲ್ಲಿ ಸಾಗರ ತಾಲೂಕಿನ ಅರಳಗೋಡು, 2024ರ ಮೊದಲ ತಿಂಗಳುಗಳಲ್ಲಿ ಸಿದ್ದಾಪುರ ತಾಲೂಕು, ಇವೆರಡರ ಅನುಭವವೂ ರೋಗ ಇನ್ನೂ ಸೋತಿಲ್ಲವೆಂದು ಸಾರುತ್ತವೆ.

ಬೆಳೆಗಾರರು ಮಾಡಬೇಕಾದದ್ದು

1. ಕಾಡಿಗೆ, ಸೊಪ್ಪಿನ ಬೆಟ್ಟಕ್ಕೆ, ಕಾಡಂಚಿನ ತೋಟಕ್ಕೆ ಹೋಗುವಾಗ ಮೈತುಂಬ ಬಟ್ಟೆ ಇರಲಿ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿರಿ. ಕೈಕಾಲುಗಳಿಗೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ತೈಲ ಹಚ್ಚಿಕೊಳ್ಳಿರಿ. ತರಗಿನ ಮೇಲೆ ಕೂರುವುದು, ಮಲಗುವುದು ಬೇಡ.

2. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಸೋಪು ಹಚ್ಚಿ ಸ್ನಾನ ಮಾಡಿರಿ. ಕಂಕುಳು, ತೊಡೆಸಂದು, ಕಿವಿಯ ಹಿಂಭಾಗ, ಮೊಣಕಾಲ ಹಿಂಭಾಗಗಳನ್ನು ನೋಡಿಕೊಳ್ಳಿರಿ. ಮಕ್ಕಳ ಮೈಯನ್ನು ದೊಡ್ಡವರು ನೋಡಬೇಕು.

3. ಕಚ್ಚಿಕೊಂಡ ಉಣ್ಣಿಯನ್ನು ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ. ಬೀಡಿಯ ಬೆಂಕಿ, ಸೀಮೆಎಣ್ಣೆಯ ಉಪಾಯ ಬೇಡ. ಉಗುರಲ್ಲಿ ಒರೆಯುವುದಂತೂ ಸಲ್ಲದು. ಆಮೇಲೆ ಆ ಜಾಗವನ್ನು ಸೋಪಿನಿಂದ ತೊಳೆಯಿರಿ.

4. ತರಗು, ಸೊಪ್ಪಿನ ರಾಶಿಯನ್ನು ಮನೆ ಮತ್ತು ಹಟ್ಟಿಗೆ ತಾಗಿಸಿ ಹಾಕಬೇಡಿರಿ. ಅರಳಗೋಡಿನ ಕಡೆ ನಡೆದ ಅಧ್ಯಯನದಲ್ಲಿ, ಮನೆಯ ಬಳಿ ಒಣಎಲೆ ರಾಶಿ ಹಾಕುವವರಲ್ಲೂ ದನಗಳ ಕೆಲಸ ಮಾಡುವವರಲ್ಲೂ ರೋಗ ಹೆಚ್ಚಾಗಿ ಕಂಡಿತ್ತು. ಗೊಬ್ಬರಕ್ಕೆ ಬೇಕಾದ ತರಗನ್ನು ಸಾಧ್ಯವಾದರೆ ಉಣ್ಣಿಯ ಕಾಲಕ್ಕೆ ಮೊದಲೇ ತಂದುಕೊಳ್ಳಿರಿ.

5. ದನಗಳ ಮೈ ತಿಕ್ಕಿ ಉಣ್ಣಿ ತೆಗೆಯಿರಿ. ಉಣ್ಣಿನಾಶಕ ಔಷಧಿಯನ್ನು ಪಶುವೈದ್ಯರು ಹೇಳಿದ ಅಳತೆಯಲ್ಲೇ ಹಚ್ಚಿಸಿರಿ ಅಥವಾ ಚುಚ್ಚಿಸಿರಿ. ಔಷಧಿಯ ನಂತರ ಎಷ್ಟು ದಿನ ಹಾಲು ಬಳಸಬಾರದೆಂದು ಕೇಳಿ ತಿಳಿಯಿರಿ. ಮಂಗ ಸತ್ತ ದಿಕ್ಕಿಗೆ ದನ ಅಟ್ಟಬೇಡಿರಿ.

6. ಸತ್ತ ಮಂಗವನ್ನು ಮುಟ್ಟಬೇಡಿರಿ. ಅರಣ್ಯ ಇಲಾಖೆ, ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಗ್ರಾಮ ಪಂಚಾಯಿತಿಗೆ ಅಂದೇ ತಿಳಿಸಿರಿ. ಅವರು ಮರಣೋತ್ತರ ಪರೀಕ್ಷೆ ಮಾಡಿ, ಶವವನ್ನು ಸುಟ್ಟು, ಸುತ್ತ 50 ಅಡಿ ಜಾಗಕ್ಕೆ ಮೆಲಾಥಿಯಾನ್ ಪುಡಿ ಎರಚುತ್ತಾರೆ. ಅದಾಗುವವರೆಗೆ ಆ ಭಾಗದ ಕೊಯ್ಲು ನಿಲ್ಲಲಿ.

7. ಜ್ವರ ಬಂದವರು ವೈದ್ಯರ ಹತ್ತಿರ ಜ್ವರವೆಂದಷ್ಟೇ ಹೇಳಿದರೆ ಸಾಲದು. ಎರಡು ವಾರಗಳಲ್ಲಿ ಯಾವ ಕಾಡಿಗೆ, ಯಾವ ಊರಿನ ತೋಟಕ್ಕೆ ಹೋಗಿದ್ದಿರಿ, ಅಲ್ಲಿ ಮಂಗ ಸತ್ತಿತ್ತೇ ಎಂಬುದನ್ನೂ ಹೇಳಿರಿ. ಮೊದಲ ದಿನಗಳಲ್ಲೇ ರಕ್ತ ಪರೀಕ್ಷೆಗೆ ಹೋದರೆ ವೈರಸ್ಸು ಸಿಗುವ ಸಂಭವ ಹೆಚ್ಚು.

ಕೂಲಿಕಾರರ ಹೊಣೆ ಯಾರದು?

ರೋಗ ಗಡಿ ನೋಡುವುದಿಲ್ಲ, ದಾಖಲೆಗಳು ನೋಡುತ್ತವೆ. ಗೋವಾದ ತೋಟದಲ್ಲಿ ಉಣ್ಣಿ ಕಚ್ಚಿಸಿಕೊಂಡವನಿಗೆ ಜ್ವರ ಬರುವುದು ಖಾನಾಪುರದ ತನ್ನ ಹಳ್ಳಿಗೆ ಮರಳಿದ ಮೇಲೆ. ಅವನು ಬಾಯಿ ಬಿಟ್ಟು ಹೇಳದಿದ್ದರೆ ಇಲ್ಲಿಯ ವೈದ್ಯರಿಗೆ ಅನುಮಾನ ಬರುವುದಿಲ್ಲ, ಅಲ್ಲಿಯ ತೋಟದ ಉಳಿದ ಕೂಲಿಗಳಿಗೆ ಎಚ್ಚರಿಕೆ ಹೋಗುವುದಿಲ್ಲ. 2016ರ ಪಾಠ ಇದೇ.

ಉಣ್ಣಿ ಕಚ್ಚುವುದು ತೋಟದ ಯಜಮಾನನಿಗಿಂತ ಹೆಚ್ಚಾಗಿ ಸೊಪ್ಪು ಹೊರುವ ಹೆಣ್ಣಾಳಿಗೆ, ಹಣ್ಣು ಹೆಕ್ಕುವ ಹುಡುಗನಿಗೆ. ಒಂದು ದಿನದ ಕೂಲಿ ತಪ್ಪೀತೆಂದು ಜ್ವರವನ್ನು ಮುಚ್ಚಿಟ್ಟು ದುಡಿಯುವವರು ಅವರೇ. ಗೊನೆಗಳಿಗೆ ಬೋರ್ಡೋ ಹೊಡೆಸಲು ಖರ್ಚು ಮಾಡುವ ನಾವು, ಗೊನೆ ಇಳಿಸುವವರ ಕಾಲಿಗೆ ಹಚ್ಚುವ ತೈಲಕ್ಕೆ, ಸಂಜೆ ಕೈಕಾಲು ತೊಳೆಯಲು ಒಂದು ಹಂಡೆ ಬಿಸಿನೀರಿಗೆ, ಜ್ವರ ಬಂದ ದಿನ ಆಸ್ಪತ್ರೆಯ ಗಾಡಿಬಾಡಿಗೆಗೆ ಹಿಂದೆಮುಂದೆ ನೋಡಬಾರದು. ಆಸ್ಪತ್ರೆಗೆ ಹೋದ ದಿನದ ಕೂಲಿ ಕಡಿಯುವುದಿಲ್ಲವೆಂದು ಸುಗ್ಗಿಯ ಮೊದಲ ದಿನವೇ ಹೇಳಿಬಿಟ್ಟರೆ, ಜ್ವರ ಬಂದವರು ಮುಚ್ಚಿಡುವುದಿಲ್ಲ.

ನವೆಂಬರ್ ಮುಗಿಯುವುದರೊಳಗೆ ತೈಲ ತಂದಿಡುವುದು, ದನಗಳಿಗೆ ಔಷಧಿ ಮಾಡಿಸುವುದು, ತರಗಿನ ರಾಶಿ ಜರುಗಿಸುವುದು, ಆರೋಗ್ಯ ಕೇಂದ್ರದ ಫೋನ್ ನಂಬರನ್ನು ಕಣದ ಗೋಡೆಗೆ ಬರೆದಿಡುವುದು, ಈ ನಾಲ್ಕು ಕೆಲಸಗಳನ್ನು ಪ್ರತಿಯೊಬ್ಬ ಸದಸ್ಯರೂ ಮಾಡಿ ಮುಗಿಸಬೇಕೆಂದು ವಿನಂತಿ.