ಮಗ್ಗ ನಿಂತಾಗ ಆಗುವ ಎಚ್ಚರ

ಬನಹಟ್ಟಿಯಲ್ಲಿ ಹುಟ್ಟಿ ಬೆಳೆದವರಿಗೆ ಮಗ್ಗದ ಸದ್ದು ಸದ್ದೇ ಅಲ್ಲ. ಗೋಡೆಯಾಚೆ ಪವರ್‌ಲೂಮುಗಳು ರಾತ್ರಿಯಿಡೀ ಖಟಖಟ ಬಡಿಯುತ್ತಿದ್ದರೂ ತೊಟ್ಟಿಲ ಕೂಸು ಮಿಸುಕುವುದಿಲ್ಲ. ಆದರೆ ನಡುರಾತ್ರಿ ಕರೆಂಟು ಹೋಗಿ ಮಗ್ಗಗಳೆಲ್ಲ ಒಮ್ಮೆಲೇ ನಿಂತವೆನ್ನಿ, ಇಡೀ ಓಣಿ ಎದ್ದು ಕೂಡುತ್ತದೆ. ಕತ್ತಲಲ್ಲಿ ಯಾರೋ ಕೇಳುತ್ತಾರೆ, "ಯಾಕ, ಕರೆಂಟ್ ಹೋತೇನು?" ಸದ್ದಿಗೆ ಏಳದವರು ಸದ್ದು ನಿಂತದ್ದಕ್ಕೆ ಎದ್ದರು. ಹಾಗಾದರೆ ನಾವು ಮಲಗಿದ್ದಾಗಲೂ ಒಳಗೆ ಯಾವುದೋ ಒಂದು ಕಿವಿ ಆ ಬಡಿತವನ್ನು ಕೇಳುತ್ತಲೇ ಇತ್ತು.

ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಕನಸುಗಳ ಕುರಿತು ಬರೆದ ಪುಸ್ತಕದ ಮೊದಲ ಭಾಗದಲ್ಲೇ ಇಂಥದೊಂದು ಮಾತಿದೆ. ತನಗಿಂತ ಹಿಂದಿನ ಬುರ್ಡಾಖ್ ಎಂಬ ಶರೀರಶಾಸ್ತ್ರಜ್ಞನನ್ನು ನೆನೆದು, ಗಿರಣಿ ನಿಂತ ಕೂಡಲೇ ಎಚ್ಚರಾಗುವ ಗಿರಣಿಯವನ ಪ್ರಸಂಗವನ್ನು ಆತ ಹೇಳುತ್ತಾನೆ. ಕಾಲೇಜಿನ ದಿನಗಳಲ್ಲಿ ಅದನ್ನು ಓದಿದಾಗ, ನಮ್ಮ ಓಣಿಯ ಸುದ್ದಿ ವಿಯೆನ್ನಾಕ್ಕೆ ಹೇಗೆ ಮುಟ್ಟಿತು ಎಂದು ಬೆರಗಾಗಿದ್ದೆ.

ಈ ಒಳಗಿನ ಮನಸ್ಸಿಗೆ ಕನ್ನಡದಲ್ಲಿ ‘ಸುಪ್ತ ಮನಸ್ಸು’ ಎಂಬ ಹೆಸರು ರೂಢಿಯಾಗಿದೆ. ನನಗೆ ಆ ಮಾತು ಒಗ್ಗಿಲ್ಲ. ಸುಪ್ತವೆಂದರೆ ಮಲಗಿದ್ದು, ಇದೋ, ನಾವು ಮಲಗಿದಾಗಲೂ ಎದ್ದಿರುವಂಥದ್ದು. ಒಳಮನಸ್ಸು ಎಂದರೆ ಸಾಕು.

ಅದು ಸಿಕ್ಕಿದ ಕತೆಯಲ್ಲಿ ಯಂತ್ರವಿಲ್ಲ, ಸೂಕ್ಷ್ಮದರ್ಶಕವಿಲ್ಲ. ಕಾಯಿಲೆ ಬಿದ್ದ ಹೆಣ್ಣುಮಕ್ಕಳಿದ್ದಾರೆ, ಅವರ ಮಾತಿಗೆ ಕಿವಿಗೊಟ್ಟ ವೈದ್ಯರಿದ್ದಾರೆ. 1880ರಲ್ಲಿ ಬರ್ಥಾ ಪಾಪೆನ್‌ಹೈಮ್ ಎಂಬ 21 ವರ್ಷದ ಹುಡುಗಿ ತಂದೆಯ ಆರೈಕೆ ಮಾಡುತ್ತಲೇ ತಾನೂ ಹಾಸಿಗೆ ಹಿಡಿದಳು. ಕೈಕಾಲು ಸ್ವಾಧೀನ ತಪ್ಪಿದವು. ತಾಯ್ನುಡಿಯಾದ ಜರ್ಮನ್ ಬಾಯಿಗೆ ಬಾರದಾಗಿ ಇಂಗ್ಲಿಷಿನಲ್ಲೇ ಮಾತಾಡತೊಡಗಿದಳು. ಫ್ರಾಯ್ಡನ ಹಿರಿಯ ಗೆಳೆಯ ಯೋಸೆಫ್ ಬ್ರಾಯರ್ ದಿನಾಲೂ ಸಂಜೆ ಹೋಗಿ ಪಕ್ಕದಲ್ಲಿ ಕೂಡುತ್ತಿದ್ದ.

ಒಂದು ಬೇಸಗೆಯಲ್ಲಿ ಆಕೆಗೆ ನೀರು ಕುಡಿಯಲಾಗದಂತಾಯಿತು. ಲೋಟ ತುಟಿಗೆ ತಾಗಿದರೆ ಸಾಕು, ದೂರ ಸರಿಸುವಳು. ಆರು ವಾರ ಹಣ್ಣುಗಳ ಮೇಲೇ ಬದುಕಿದಳು. ಒಂದು ಸಂಜೆ ಅರೆಮಂಪರಿನಲ್ಲಿ, ಜೊತೆಗಿರಲು ನೇಮಿಸಿದ್ದ ಇಂಗ್ಲಿಷ್ ಹೆಂಗಸಿನ ನಾಯಿ ಲೋಟದಿಂದಲೇ ನೀರು ನೆಕ್ಕಿದ್ದನ್ನು ಹೇಳಿಕೊಂಡಳು. ಆಗ ಅಸಹ್ಯಪಟ್ಟಿದ್ದಳು, ಸಭ್ಯತೆಗೆ ಅಂಜಿ ಸುಮ್ಮನಿದ್ದಳು. ಅಂದು ನುಂಗಿದ್ದ ಸಿಟ್ಟನ್ನೆಲ್ಲ ಕಾರಿಕೊಂಡು ನೀರು ಕೇಳಿದಳು. ಮಂಪರಿನಿಂದ ಎಚ್ಚರಾದಾಗ ಲೋಟ ತುಟಿಯ ಮೇಲೇ ಇತ್ತು. ಇದಕ್ಕೆ ‘ಮಾತಿನ ಚಿಕಿತ್ಸೆ’ ಎಂದು ಹೆಸರಿಟ್ಟವಳು ರೋಗಿಯೇ. ಚಿಮಣಿಯ ಮಸಿ ಗುಡಿಸಿದ ಹಾಗೆ ಎಂದೂ ಅನ್ನುತ್ತಿದ್ದಳು.

ಅಷ್ಟಕ್ಕೇ ಆಕೆ ಪೂರ್ತಿ ಗುಣವಾದಳೆಂದು ಬಹುಕಾಲ ಹೇಳಿಕೊಂಡು ಬಂದರು. ಅದು ನಿಜವಲ್ಲ. 1882ರ ಬೇಸಗೆಯಲ್ಲಿ ಆಕೆಯನ್ನು ಸ್ವಿಟ್ಜರ್ಲೆಂಡಿನ ಆರೋಗ್ಯಧಾಮಕ್ಕೆ ಸೇರಿಸಬೇಕಾಯಿತು. ಚೇತರಿಸಿಕೊಳ್ಳಲು ವರ್ಷಗಳೇ ಹಿಡಿದವು. ಮುಂದೆ ಅದೇ ಹುಡುಗಿ ಜರ್ಮನಿಯಲ್ಲಿ ಯಹೂದಿ ಹೆಣ್ಣುಮಕ್ಕಳ ಸಂಘಟನೆ ಕಟ್ಟಿ ದೊಡ್ಡ ಕೆಲಸ ಮಾಡಿದಳು. ಅದನ್ನು ಹೇಳದೆ ಆಕೆಯನ್ನು ಬರೀ ರೋಗಿಯಾಗಿ ನೆನೆಯುವುದು ಅನ್ಯಾಯ.

ಫ್ರಾಯ್ಡನಿಗೂ ದಾರಿ ತೋರಿಸಿದವಳು ಒಬ್ಬ ರೋಗಿಯೇ. ಇದು ಎಲ್ಲಿಂದ ಬಂತು, ಅದು ಯಾಕೆ ಬಂತು ಎಂದು ಆತ ಕೇಳುತ್ತಲೇ ಇದ್ದಾಗ ಆಕೆ ರೇಗಿ, ಪ್ರಶ್ನೆ ಬಿಡಿ, ನನಗೆ ಹೇಳುವುದನ್ನು ಹೇಳಗೊಡಿ ಎಂದಳಂತೆ. ಆತ ಸುಮ್ಮನಾದ. ಸಮ್ಮೋಹನವನ್ನೂ ಕ್ರಮೇಣ ಬಿಟ್ಟ. ಮನಸ್ಸಿಗೆ ಬಂದದ್ದನ್ನು ಬಂದ ಹಾಗೆ ಹೇಳಲು ಬಿಡುವ ಪದ್ಧತಿ ಹೀಗೆ ಬೆಳೆಯಿತು. 1895ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಸೇರಿ ಹಿಸ್ಟೀರಿಯಾದ ಮೇಲಿನ ಪುಸ್ತಕ ತಂದರು. ಆಮೇಲೆ ಫ್ರಾಯ್ಡ್ ತನ್ನ ಕನಸುಗಳನ್ನೇ ಬಿಚ್ಚತೊಡಗಿದ.

ಆ ಕನಸುಗಳಲ್ಲಿ ಒಂದು ನನಗೆ ತೀರ ಹತ್ತಿರದ್ದು. ಯಾವುದೋ ಗಿಡದ ಮೇಲೆ ತಾನು ಬರೆದ ಪುಸ್ತಕ ಎದುರಿಗಿದೆ. ಮಡಿಚಿದ ಬಣ್ಣದ ಚಿತ್ರವನ್ನು ತಿರುವುತ್ತಿದ್ದಾನೆ. ಒಣಗಿದ ಗಿಡವೊಂದನ್ನು ಪುಸ್ತಕದೊಳಗೆ ಸೇರಿಸಿ ಹೊಲಿದಿದ್ದಾರೆ. ಕನಸು ಇಷ್ಟೇ. ಎಳೆ ಹಿಡಿದು ಜಗ್ಗಿದಾಗ ಏನೆಲ್ಲ ಬಂತು! ಹಿಂದಿನ ದಿನ ಅಂಗಡಿಯ ಗಾಜಿನಾಚೆ ಸೈಕ್ಲಮೆನ್ ಹೂವಿನ ಪುಸ್ತಕ ಕಂಡಿತ್ತು. ಅದು ಹೆಂಡತಿಗೆ ಇಷ್ಟದ ಹೂ, ತಂದುಕೊಡಲು ತಾನು ಮರೆಯುತ್ತಿದ್ದ ಹೂ. 1884ರಲ್ಲಿ ಕೋಕಾ ಗಿಡದ ಮೇಲೆ ಆತ ಲೇಖನ ಬರೆದಿದ್ದ. ಕೊಕೇನಿನಿಂದ ಕಣ್ಣನ್ನು ಮರಗಟ್ಟಿಸಬಹುದೆಂದು ತೋರಿಸಿದ ಕೀರ್ತಿ ಮಾತ್ರ ಕೊಲ್ಲರ್ ಎಂಬ ಗೆಳೆಯನ ಪಾಲಾಯಿತು. ಹಿಂದಿನ ಸಂಜೆಯ ಮಾತುಕತೆಯ ನಡುವೆ ಬಂದವನ ಹೆಸರಿಗೆ ಜರ್ಮನ್ ಭಾಷೆಯಲ್ಲಿ ತೋಟಗಾರ ಎಂದೇ ಅರ್ಥ. ಎಲ್ಲಕ್ಕಿಂತ ಆಳದಲ್ಲಿ, ಐದು ವರ್ಷದ ತನ್ನ ಮತ್ತು ತಂಗಿಯ ಕೈಗೆ ಅಪ್ಪ ಬಣ್ಣದ ಚಿತ್ರಗಳ ಪುಸ್ತಕ ಕೊಟ್ಟು, ಹರಿಯಿರಿ ಎಂದದ್ದು. ಮಕ್ಕಳಿಬ್ಬರೂ ಖುಷಿಯಿಂದ ಹಾಳೆ ಹಾಳೆ ಕಿತ್ತದ್ದು.

ಒಂದು ಒಣ ಗಿಡದೊಳಗೆ ಇಷ್ಟು ಎಳೆಗಳು ಹೇಗೆ ಕೂಡಿದವು ಎಂದು ಹೇಳಲು ಫ್ರಾಯ್ಡ್ ಮೊರೆಹೋದದ್ದು ಮಗ್ಗಕ್ಕೆ. ಗಯಟೆಯ ‘ಫೌಸ್ಟ್’ ನಾಟಕದಲ್ಲಿ ಬರುವ ನೇಕಾರನ ಹೋಲಿಕೆಯನ್ನು ಆತ ಅಲ್ಲಿ ಇಟ್ಟ. ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ನಮ್ಮ ಅಜ್ಜನನ್ನು ನೋಡಿದ್ದ ನನಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಕಾಲಡಿಯ ಹಲಗೆಯನ್ನು ಒಮ್ಮೆ ತುಳಿದರೆ ಹಾಸಿನ ಅರ್ಧ ಎಳೆಗಳು ಮೇಲೇಳುತ್ತವೆ, ಅರ್ಧ ಕೆಳಗಿಳಿಯುತ್ತವೆ, ನಡುವಿನ ಸಂದಿಯಲ್ಲಿ ಲಾಳಿ ಓಡಿಹೋಗುತ್ತದೆ. ಉಟ್ಟವರಿಗೆ ಕಾಣುವುದು ಸೀರೆ. ಯಾವ ಎಳೆ ಎಲ್ಲಿ ಹರಿದಿತ್ತು, ಎಲ್ಲಿ ಗಂಟು ಹಾಕಿದ್ದರು ಎಂಬುದು ನೇಯ್ದವರಿಗೆ ಮಾತ್ರ ಗೊತ್ತು. ಕನಸಿನ ನೇಕಾರ ನಮ್ಮೊಳಗೇ ಇದ್ದರೂ ನಮಗೆ ಮುಖ ತೋರಿಸುವುದಿಲ್ಲ.

1899ರ ನವೆಂಬರಿನಲ್ಲಿ ಹೊರಬಂದ ಕನಸುಗಳ ಆ ಪುಸ್ತಕದ ಮೇಲೆ 1900 ಎಂದು ಅಚ್ಚಾಗಿತ್ತು. 600 ಪ್ರತಿಗಳು ಖರ್ಚಾಗಲು ಎಂಟು ವರ್ಷ ಬೇಕಾದವು.

ಅದೇ ಹೊತ್ತಿಗೆ, 1901ರಲ್ಲಿ, ಜಮಖಂಡಿಯಲ್ಲಿ ಒಬ್ಬ ಶಾಲಾ ಹುಡುಗ ಉಮದಿಯ ಭಾವುಸಾಹೇಬ ಮಹಾರಾಜರಿಂದ ನಾಮಸ್ಮರಣೆಯ ದೀಕ್ಷೆ ಪಡೆದ. ಊರಿನ ಪರಶುರಾಮಭಾವು ಹೈಸ್ಕೂಲಿನಲ್ಲಿ ಓದುತ್ತಿದ್ದ ಅವನೇ ಮುಂದೆ ಗುರುದೇವ ರಾನಡೆ. ಇಬ್ಬರೂ ತಮ್ಮ ತಮ್ಮ ದಾರಿಯಲ್ಲಿ ಒಳಗೆ ಇಳಿಯುತ್ತಿದ್ದರು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿಯುವ ಕಾಲ ಅದಾಗಿರಲಿಲ್ಲ. 1926ರಲ್ಲಿ ಪುಣೆಯಿಂದ ಬಂದ ತಮ್ಮ ಉಪನಿಷತ್ ಗ್ರಂಥದಲ್ಲಿ ರಾನಡೆಯವರು ಮನೋವಿಚಾರಕ್ಕೇ ಒಂದು ಅಧ್ಯಾಯ ಮೀಸಲಿಟ್ಟರು. ನಿದ್ದೆ ಏಕೆ, ಕನಸು ಹೇಗೆ ಎಂಬ ಪ್ರಶ್ನೆಗಳು ಅಲ್ಲಿವೆ. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯ ಜನಕನಿಗೆ ಹೇಳುವ ಕನಸಿನ ವಿಚಾರ ಈಗಲೂ ಬೆರಗು ಹುಟ್ಟಿಸುತ್ತದೆ: ಕನಸು ಕಾಣುವವನು ಈ ಲೋಕದ ಸಾಮಗ್ರಿಯನ್ನೇ ಎತ್ತಿಕೊಂಡು, ತಾನೇ ಕೆಡವಿ, ತಾನೇ ಕಟ್ಟುತ್ತಾನೆ; ರಥವಿಲ್ಲದಲ್ಲಿ ರಥ ಮಾಡುತ್ತಾನೆ.

ಹಾಗೆಂದು, ಫ್ರಾಯ್ಡ್ ಹೇಳಿದ್ದೆಲ್ಲ ನಮ್ಮಲ್ಲಿ ಮೊದಲೇ ಇತ್ತು ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಹಗಲಿನ ನೂಲಿನಿಂದಲೇ ಕನಸು ನೇಯಲ್ಪಡುತ್ತದೆಂದು ಇಬ್ಬರಿಗೂ ತಿಳಿದಿತ್ತು. ಆದರೆ ಋಷಿಯ ಕಣ್ಣು ನೇಕಾರನ ಮೇಲೆ, ಅವನ ಒಳಗಿನ ಬೆಳಕಿನ ಮೇಲೆ. ಫ್ರಾಯ್ಡನ ಕಣ್ಣು ಗಂಟಿನ ಮೇಲೆ: ಈ ಎಳೆ ಎಲ್ಲಿ ಹರಿಯಿತು, ಯಾರಿಗೆ ಅಂಜಿ ಮುಚ್ಚಿಟ್ಟೆ? ಎರಡೂ ದೊಡ್ಡ ಪ್ರಶ್ನೆಗಳೇ, ಒಂದೇ ಪ್ರಶ್ನೆಯಲ್ಲ. ಫ್ರಾಯ್ಡನ ಎಷ್ಟೋ ತೀರ್ಮಾನಗಳು, ಎಲ್ಲಕ್ಕೂ ಬಾಲ್ಯದ ಕಾಮವನ್ನೇ ಕಾರಣ ಮಾಡುವಂಥವು, ಮುಂದಿನವರ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ನಮಗರಿವಿಲ್ಲದೆ ಮನಸ್ಸು ಕೆಲಸ ಮಾಡುತ್ತದೆಂಬುದು ನಿಂತಿತು.

ಈ ವಿಚಾರ ಕಲಕತ್ತೆಗೆ ಬೇಗ ಬಂತು. 1922ರಲ್ಲೇ ಗಿರೀಂದ್ರಶೇಖರ ಬೋಸ್ ಅಲ್ಲಿ ಮನೋವಿಶ್ಲೇಷಣೆಯ ಸಂಘ ಕಟ್ಟಿದರು. ಕನ್ನಡದಲ್ಲಿ ‘ಕೊರವಂಜಿ’ಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಬಗ್ಗೆ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ ವರ್ಷ ಕಾರ್‌ಸ್ಟೇರ್ಸ್ ಮತ್ತು ಕಪೂರ್ ಎಂಬ ಮನೋವೈದ್ಯರು ಕರಾವಳಿಯ ಕೋಟದಲ್ಲಿ ನಡೆಸಿದ ಅಧ್ಯಯನ ಪುಸ್ತಕವಾಯಿತು. ಊರವರ ಮನದ ಬೇನೆಯನ್ನು ತಿಳಿಯಲು ಅವರು ಮಂತ್ರವಾದಿಗಳ, ಪಾತ್ರಿಗಳ ಲೋಕವನ್ನೂ ಕಂಡುಬಂದರು. ಮೈಮೇಲೆ ಬರುವುದನ್ನು ಮೂಢತನವೆಂದು ತಳ್ಳಿಬಿಡದೆ ಕೂತು ಕೇಳಿದರು.

ಕೇಳಿಸಿಕೊಳ್ಳುವ ಆ ವಿದ್ಯೆ ನಮ್ಮ ಓಣಿಗೂ ಗೊತ್ತಿತ್ತು. ನಾನು ಚಿಕ್ಕವನಿದ್ದಾಗ ಒಬ್ಬ ಸೊಸೆಯ ಮೈಯಲ್ಲಿ ದೇವಿ ಬರುತ್ತಿದ್ದಳು. ಹಗಲೆಲ್ಲ ಕಂಡಿಕೆ ಸುತ್ತುತ್ತ, ಅತ್ತೆಯ ಎದುರು ತಲೆ ಎತ್ತದ ಹೆಣ್ಣುಮಗಳು. ಶ್ರಾವಣ ಹತ್ತಿರ ಬಂದಿದ್ದ ಒಂದು ಅಮಾವಾಸ್ಯೆಯ ರಾತ್ರಿ ತುಂಬಿದ ಪಡಸಾಲೆಯಲ್ಲಿ ಆಕೆ ತಲೆ ಬಿಚ್ಚಿ ಗುಡುಗಿದಳು: "ನನ್ನ ಮಗಳನ್ನ ಪಂಚಮಿಗೆ ತವರಮನಿಗಿ ಕಳಸಂಗಿಲ್ಲೇನ? ಮೂರ ವರ್ಷ ಆತು!" ಅತ್ತೆ ಕಂಬಳಿ ಹಾಸಿ, ಕೈಮುಗಿದು, "ತಪ್ಪಾತು ತಾಯಿ, ಕಳಸ್ತೀನಿ" ಎಂದಳು.

ಮುಂಜಾನೆ ಎದ್ದ ಸೊಸೆಗೆ ಏನೊಂದೂ ನೆನಪಿರಲಿಲ್ಲ. ಪಂಚಮಿಯ ಮುಂಚಿನ ದಿನ ಆಕೆ ಮುಧೋಳದ ಬಸ್ಸು ಹತ್ತುವಾಗ ಅತ್ತೆಯೇ ಬಂದು, ರೊಟ್ಟಿ ಮತ್ತು ಎಳ್ಳುಂಡಿಯ ಗಂಟನ್ನು ಕಿಟಕಿಯಿಂದ ಒಳಗೆ ಕೊಟ್ಟಳು.